ಬಿಲ್ಲಿನಲ್ಲಿ ಕಾಣದ ಬೆನ್ನುನೋವು

ಪ್ರಶ್ನೆ: ಮಗ ಅಮೆರಿಕದ ಡೆನ್ವರ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಕಾಫಿ ಕೊಯ್ಲು ಮುಗಿಸಿ ಅವನ ಮನೆಗೆ ಹೋದವಳು ಮಳೆ ಹಿಡಿಯುವ ಮೊದಲು ವಾಪಸ್ ಬಂದೆ. ಅಲ್ಲಿದ್ದಾಗ ಅಡುಗೆಮನೆಯ ಡ್ರಾಯರ್‌ನಲ್ಲಿ ಗಾಂಜಾ ಅಂಗಡಿಯ ಬಿಲ್ಲು ಸಿಕ್ಕಿತು. ಕೇಳಿದರೆ, 'ಬೆನ್ನುನೋವಿಗೆ ಕಣಮ್ಮ, ಇಲ್ಲಿ ಅದು ಔಷಧಿ' ಅಂದ. ನಂಬಿದೆ. ಊರಿಗೆ ಬಂದ ಮೇಲೆ ತಂಗಿಯ ಮಗಳು ಬಿಲ್ಲು ನೋಡಿ, 'ದೊಡ್ಡಮ್ಮ, ಔಷಧಿಗೆ ಇಷ್ಟು ತೆರಿಗೆ ಹಾಕಲ್ಲ. ಈ ಶೇ 15 ಮೋಜಿಗೆ ಕೊಳ್ಳೋರಿಗೆ' ಅಂದಳು. ಅಂದಿನಿಂದ ನಿದ್ದೆಯಿಲ್ಲ. ಯಜಮಾನರಿಗೆ ಹೇಳಿಲ್ಲ. ಅವರ ಮಂಡಿನೋವಿಗೆ ಅದೇ ಗಿಡದ ಎಣ್ಣೆ ಕಳಿಸುತ್ತೇನೆ ಅಂತ ಮಗ ಬೇರೆ ಹೇಳುತ್ತಿದ್ದಾನೆ. ನನ್ನ ಮಗ ಸುಳ್ಳು ಹೇಳಿದನೇ?
– ಹೆಸರು ಬೇಡ, ವಸ್ತಾರೆ

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿ ಮೊದಲು ಅನಿಸಿದ್ದು, ಇಷ್ಟು ದಿನ ಇದನ್ನು ನೀವು ಒಬ್ಬರೇ ಹೊತ್ತುಕೊಂಡು ತಿರುಗಿದ್ದೀರಲ್ಲ ಎಂದು. ಗಾಂಜಾ ಎಂದರೆ ನಮ್ಮ ಕಡೆ ಪೊಲೀಸು, ಪತ್ರಿಕೆಯ ಸುದ್ದಿ, ಹಾಳಾದ ಹುಡುಗರು. ಆ ಪದ ಮಗನ ಮನೆಯ ಡ್ರಾಯರ್‌ನಲ್ಲಿ ಸಿಕ್ಕಿದರೆ ಯಾವ ತಾಯಿಯ ಎದೆ ಧಸಕ್ಕೆನ್ನುವುದಿಲ್ಲ? ನಿಮ್ಮ ಗಾಬರಿಯಲ್ಲಿ ತಪ್ಪೇನೂ ಇಲ್ಲ. ಆದರೆ ನಿಮ್ಮ ನಿದ್ದೆ ಕೆಡಿಸಿದ್ದು ಗಾಂಜಾ ಅಲ್ಲ, ಶೇ 15 ಅನ್ನುವ ಅಂಕಿ. ಬಿಲ್ಲು ಕಂಡ ದಿನ ಮಗನ ಮಾತು ಸಾಕಾಗಿತ್ತು. ಅಂಕಿ ಕಂಡ ದಿನ ಮಾತು ಮುರಿಯಿತು. ಹಾಗಾಗಿ ಆ ಅಂಕಿಯನ್ನೇ ಮೊದಲು ನೋಡೋಣ.

ನಿಮ್ಮ ತಂಗಿಯ ಮಗಳು ಹೇಳಿದ ಲೆಕ್ಕ ಸರಿ. ಡೆನ್ವರ್ ಇರುವುದು ಕೊಲರಾಡೊ ರಾಜ್ಯದಲ್ಲಿ. ಅಲ್ಲಿ 2000ದಲ್ಲಿ ಜನ ಮತ ಹಾಕಿ ರೋಗಿಗಳಿಗೆ ಗಾಂಜಾ ಒಪ್ಪಿದರು, 2012ರಲ್ಲಿ 21 ವರ್ಷ ತುಂಬಿದ ಎಲ್ಲರಿಗೂ ಒಪ್ಪಿದರು. 2014ರ ಜನವರಿ 1ರಂದು ಅಂಗಡಿಗಳು ತೆರೆದವು. ವೈದ್ಯರ ಶಿಫಾರಸು ಪಡೆದು, ಸರ್ಕಾರದಲ್ಲಿ ಹೆಸರು ನೋಂದಾಯಿಸಿ ಕಾರ್ಡು ಮಾಡಿಸಿಕೊಂಡವರು ನೂರು ಡಾಲರಿನ ಸರಕಿಗೆ ರಾಜ್ಯಕ್ಕೆ ಕಟ್ಟುವ ತೆರಿಗೆ 2 ಡಾಲರ್ 90 ಸೆಂಟ್. ಕಾರ್ಡಿಲ್ಲದವರು ಅದೇ ನೂರಕ್ಕೆ 15 ಡಾಲರ್ ಕಟ್ಟುತ್ತಾರೆ. ಸ್ಥಳೀಯ ತೆರಿಗೆ ಬೇರೆ. ರೋಗಿಗೆ ಭಾರ ಬೀಳಬಾರದು, ಮೋಜಿನವರಿಂದ ಬೊಕ್ಕಸ ತುಂಬಲಿ ಎನ್ನುವುದು ಅದರ ಹಿಂದಿನ ಯೋಚನೆ. ಕ್ಯಾಲಿಫೋರ್ನಿಯಾದಲ್ಲೂ ಸರ್ಕಾರದ ರೋಗಿ ಕಾರ್ಡು ತೋರಿಸಿದರೆ ಮಾರಾಟ ತೆರಿಗೆ ಇಲ್ಲ.

ಅಂದರೆ ಬಿಲ್ಲು ಹೇಳುವುದು ಒಂದೇ ವಿಷಯ: ನಿಮ್ಮ ಮಗನ ಹತ್ತಿರ ಕಾರ್ಡು ಇಲ್ಲ, ಅಥವಾ ಅವತ್ತು ಅವನು ಅದನ್ನು ತೋರಿಸಿಲ್ಲ. ಅವನ ಬೆನ್ನು ನೋಯುತ್ತದೋ ಇಲ್ಲವೋ ಬಿಲ್ಲಿಗೆ ಗೊತ್ತಿಲ್ಲ.

ಕಾಫಿ ಬೆಳೆಯುವ ಮನೆಯವರು ನೀವು, ನಿಮಗೆ ಇದು ಬೇಗ ತಿಳಿಯುತ್ತದೆ. ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿಸಿ ಮಾರಿದರೆ ಬಂದ ಆದಾಯದಲ್ಲಿ ಶೇ 25 ಪಾಲನ್ನು ವ್ಯಾಪಾರದ ಆದಾಯ ಎಂದು ತೆರಿಗೆಗೆ ಹಿಡಿಯುತ್ತಾರೆ. ಅದನ್ನೇ ಹುರಿದು ಪುಡಿ ಮಾಡಿ ಮಾರಿದರೆ ಶೇ 40. ಗಿಡ ಅದೇ, ತೋಟ ಅದೇ, ಕಣದಲ್ಲಿ ಒಣಗಿದ ಬೀಜವೂ ಅದೇ. ಬದಲಾದದ್ದು ಅದು ಯಾವ ಬಾಗಿಲಿನಿಂದ ಹೊರಗೆ ಹೋಯಿತು ಎನ್ನುವುದು ಮಾತ್ರ. ತೆರಿಗೆಯವರು ಬಾಗಿಲು ನೋಡುತ್ತಾರೆ, ಬೀಜದ ಗುಣ ನೋಡುವುದಿಲ್ಲ.

ನಿಜವಾಗಿ ನೋವಿದ್ದರೆ ಕಾರ್ಡು ಮಾಡಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ವೈದ್ಯರ ಶುಲ್ಕ, ಅರ್ಜಿಯ ಓಡಾಟ ಬೇಡವೆಂದು ಹೆಚ್ಚು ತೆರಿಗೆಯನ್ನೇ ಕಟ್ಟುವವರು ಇರುತ್ತಾರೆ. ಸರ್ಕಾರದ ಪಟ್ಟಿಯಲ್ಲಿ ಹೆಸರು ಬಂದರೆ ವೀಸಾಕ್ಕೆ ತೊಂದರೆ ಎನ್ನುವ ಭಯವೂ ಕಾರಣವಿರಬಹುದು, ನನಗೆ ತೆರಿಗೆಗಿಂತ ವೀಸಾದ್ದೇ ಚಿಂತೆ. ಗಾಂಜಾ ಸಕ್ರಮ ಎಂದಿರುವುದು ರಾಜ್ಯ. ವೀಸಾ, ಗ್ರೀನ್ ಕಾರ್ಡ್, ಪೌರತ್ವ ಕೊಡುವುದು ಅಲ್ಲಿನ ಕೇಂದ್ರ ಸರ್ಕಾರ. ಕೇಂದ್ರದ ಕಾನೂನಿನಲ್ಲಿ ಗಾಂಜಾ ಈಗಲೂ ನಿಯಂತ್ರಿತ ಮಾದಕವಸ್ತು. ರಾಜ್ಯದಲ್ಲಿ ಸಕ್ರಮವಾದರೂ ಗಾಂಜಾದ ನಂಟು ಪೌರತ್ವದ ಅರ್ಜಿಗೆ ಅಡ್ಡ ಬರಬಹುದು ಎಂದು ಅಲ್ಲಿನ ವಲಸೆ ಇಲಾಖೆ 2019ರಲ್ಲಿ ಸ್ಪಷ್ಟವಾಗಿಯೇ ಹೇಳಿದೆ. 'ಇಲ್ಲಿ ಕಾನೂನಿನಲ್ಲೇ ಇದೆ' ಎಂದು ಧೈರ್ಯವಾಗಿರುವ ಎಷ್ಟೋ ಹುಡುಗರಿಗೆ ಇದು ಗೊತ್ತಿರುವುದಿಲ್ಲ. ನಿಮ್ಮ ಮಗ ಆ ದೇಶದ ಪ್ರಜೆ ಆಗಿಲ್ಲವಾದರೆ, ಒಬ್ಬ ವಲಸೆ ವಕೀಲರನ್ನು ಖುದ್ದಾಗಿ ಕೇಳಲಿ. ಗೆಳೆಯರ ಮಾತು ಇದಕ್ಕೆ ಸಾಲದು.

ಇನ್ನು ಆ ಎಣ್ಣೆ. ಇಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ: ಬೇಡ. ಪಾರ್ಸೆಲ್ಲಿನಲ್ಲೂ ಬೇಡ, ಸೂಟ್‌ಕೇಸಿನಲ್ಲೂ ಬೇಡ. 1985ಕ್ಕೆ ಮೊದಲು ನಮ್ಮ ದೇಶದಲ್ಲೂ ಲೈಸೆನ್ಸಿನ ಗಾಂಜಾ ಅಂಗಡಿಗಳಿದ್ದವು, ಸರ್ಕಾರ ಸುಂಕ ವಸೂಲು ಮಾಡುತ್ತಿತ್ತು. ಆ ವರ್ಷ ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆ ಬಂದಮೇಲೆ ಮೋಜಿನ ಗಾಂಜಾಕ್ಕೆ ತೆರಿಗೆಯೇ ಇಲ್ಲ, ಇರುವುದು ಜೈಲು. ಒಂದು ಕಿಲೋದೊಳಗಿನ ಗಾಂಜಾಕ್ಕೂ ಒಂದು ವರ್ಷದವರೆಗೆ ಶಿಕ್ಷೆ ಇದೆ. ಹೊರದೇಶದಿಂದ ತರಿಸುವುದು ಬೇರೆಯೇ ಅಪರಾಧ. ಮಗ ಪ್ರೀತಿಯಿಂದ ಕಳಿಸಿದ ಶೀಶೆ ಕಸ್ಟಮ್ಸ್‌ನವರ ಕೈಗೆ ಸಿಕ್ಕಿದರೆ ಉತ್ತರ ಹೇಳಬೇಕಾದವರು ಮಂಡಿನೋವಿನ ನಿಮ್ಮ ಯಜಮಾನರು.

ಅವರಿಗೆ ಆ ಗಿಡದ ಔಷಧಿಯೇ ಬೇಕೆಂದಿದ್ದರೆ ನಮ್ಮಲ್ಲಿ ನೇರ ದಾರಿಯಿದೆ. ಆಯುರ್ವೇದದಲ್ಲಿ ಅದರ ಹೆಸರು ವಿಜಯ, ನಮ್ಮ ಮಾತಿನಲ್ಲಿ ಭಂಗಿ ಸೊಪ್ಪು. ಹೂವಿನ ತುದಿ ಇಲ್ಲದ ಬರೀ ಎಲೆಯನ್ನು ಕೇಂದ್ರದ ಕಾಯ್ದೆ ಗಾಂಜಾ ಎಂದು ಹಿಡಿಯುವುದಿಲ್ಲ. ಅದರಿಂದ ಲೈಸೆನ್ಸ್ ಪಡೆದವರು ಮಾಡಿದ ಔಷಧಿ ವೈದ್ಯರ ಚೀಟಿಯ ಮೇಲೆ ಸಿಗುತ್ತದೆ. ಬಿಲ್ಲಿನಲ್ಲಿ ಉಳಿದ ಆಯುರ್ವೇದ ಔಷಧಿಗಳ ಹಾಗೆಯೇ ಜಿಎಸ್‌ಟಿ ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಅದು ಶೇ 12ರಿಂದ 5ಕ್ಕೆ ಇಳಿದಿದೆ. ಆದರೆ ಮೊದಲು ಮೂಳೆ ವೈದ್ಯರು ಮಂಡಿ ನೋಡಲಿ. ಬಿಪಿ, ಸಕ್ಕರೆಯ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಲಿ. ಹಿತ್ತಲಲ್ಲಿ ಬೆಳೆದ ಸೊಪ್ಪು, ಯಾರೋ ತಂದುಕೊಟ್ಟ ಪುಡಿ, ಇವೆರಡರ ಹತ್ತಿರವೂ ಹೋಗಬೇಡಿ.

ಈಗ ಮಗನ ವಿಷಯ. ಫೋನ್ ಮಾಡಿದಾಗ ಬಿಲ್ಲಿನಿಂದ ಶುರು ಮಾಡಬೇಡಿ. ಮೂವತ್ತು ದಾಟಿರಲಿ, ನಲವತ್ತು ದಾಟಿರಲಿ, ಪಾಟೀಸವಾಲು ಶುರುವಾದ ಕೂಡಲೇ ಗಂಡುಮಕ್ಕಳು ಹದಿನಾರರ ಹುಡುಗರಾಗುತ್ತಾರೆ. ಬೆನ್ನು ಹೇಗಿದೆ, ಎಷ್ಟು ದಿನದಿಂದ, ಡಾಕ್ಟರು ಏನಂದರು ಎಂದು ಕೇಳಿ. ಕೇಳಿ ಸುಮ್ಮನಿರಿ, ಅವನು ಮಾತಾಡಲಿ. ದೀರ್ಘಕಾಲದ ನೋವಿಗೆ ಇದರಿಂದ ಕೆಲವರಿಗೆ ಉಪಶಮನ ಸಿಗುವುದುಂಟು, ಆದ್ದರಿಂದ ಅವನು ಹೇಳಿದ್ದು ನಿಜವೇ ಇರಬಹುದು. ಅರ್ಧ ನೋವು, ಅರ್ಧ ಒಂಟಿತನವೂ ಇರಬಹುದು. ನೀವು ಅಲ್ಲಿದ್ದ ದಿನಗಳನ್ನು ನೆನಪು ಮಾಡಿಕೊಳ್ಳಿ: ಬೆಳಗ್ಗೆ ಹೊತ್ತಿಗೆ ಸರಿಯಾಗಿ ಏಳುತ್ತಿದ್ದನೇ? ಕೆಲಸ, ಊಟ, ಗೆಳೆಯರು ಎಂದಿನಂತೆ ಇದ್ದರೇ? ಅದಿಲ್ಲದೆ ಒಂದು ದಿನವೂ ಕಳೆಯದು, ಸಿಡುಕು ಬರುತ್ತದೆ, ನಿದ್ದೆ ಹತ್ತುವುದಿಲ್ಲ ಎನ್ನುವಂತಿದ್ದರೆ ಅವನು ವ್ಯಸನ ಚಿಕಿತ್ಸೆಯವರನ್ನು ಕಾಣಬೇಕು. ನಿಮ್ಮ ಮನೆತನದಲ್ಲಿ ಯಾರಿಗಾದರೂ ತೀವ್ರ ಮಾನಸಿಕ ಕಾಯಿಲೆ ಇತ್ತೆಂದರೆ, ಮುಚ್ಚಿಡದೆ ಅವನಿಗೆ ಹೇಳಿ. ಅಂಥವರಿಗೆ ಗಾಂಜಾ ಹೆಚ್ಚು ಅಪಾಯ.

ಯಜಮಾನರಿಗೂ ಹೇಳಿ, ಆದರೆ ಮಗನ ಜೊತೆ ಮಾತಾಡಿದ ಮೇಲೆ. ಎಣ್ಣೆ ಯಾಕೆ ಬರಲಿಲ್ಲ ಎಂದು ಅವರು ಹೇಗೂ ಕೇಳುತ್ತಾರೆ.

ನಿದ್ದೆ ಇನ್ನೂ ಬಾರದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ-ಮಾನಸ್ ಎನ್ನುವ ಸರ್ಕಾರದ ಸಹಾಯವಾಣಿ ಅದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಹೆಸರು ಹೇಳಲೇಬೇಕೆಂದಿಲ್ಲ. ಮಗನಿಗೆ ಭಾನುವಾರ ರಾತ್ರಿ ಊಟ ಮುಗಿಸಿ ಫೋನ್ ಮಾಡಿ. ಡೆನ್ವರ್‌ನಲ್ಲಿ ಆಗ ಬೆಳಗ್ಗೆ, ಅವನಿಗೆ ರಜೆ, ಕೈಯಲ್ಲಿ ನೀವು ಕೊಟ್ಟುಬಂದ ಪುಡಿಯ ಕಾಫಿ ಇರಬಹುದು.