ಮದ್ಯತ್ಯಾಗ ಮತ್ತು ಸ್ಥಿತಿಕರಣ

ಶ್ರಾವಕಧರ್ಮದ ತಳಹದಿಯಲ್ಲಿಯೇ ಮದ್ಯತ್ಯಾಗವಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಪಂಚಾಣುವ್ರತಗಳೊಡನೆ ಸೇರಿಸಿ ಅಷ್ಟಮೂಲಗುಣಗಳೆಂದು ಹೇಳಿರುವರು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ಮೂರರೊಡನೆ ಐದು ಉದುಂಬರ ಫಲಗಳ ತ್ಯಾಗವನ್ನು ವಿಧಿಸಿರುವರು. ಎಣಿಕೆ ಬೇರೆಯಾದರೂ ಮದ್ಯತ್ಯಾಗವು ಎರಡರಲ್ಲಿಯೂ ಉಂಟು. ಇದಕ್ಕೆ ಕಾರಣಗಳು ಎರಡು. ಹುಳಿತ ರಸದಲ್ಲಿ ಹುಟ್ಟುವ ಜೀವಗಳ ಹಿಂಸೆ ಒಂದು. ಮತ್ತಿನಿಂದ ಉಂಟಾಗುವ ಪ್ರಮಾದ ಇನ್ನೊಂದು. ಮೋಹಗೊಂಡ ಮನಸ್ಸು ಧರ್ಮವನ್ನು ಮರೆಯುತ್ತದೆ; ಧರ್ಮವನ್ನು ಮರೆತವನು ಹಿಂಸೆಗೆ ಅಂಜುವುದಿಲ್ಲ.

ಎಂದೂ ಕುಡಿಯದವನಿಗೆ ಈ ಉಪದೇಶವು ಸಾಕು. ಆದರೆ ಈಗಾಗಲೇ ವ್ಯಸನದಲ್ಲಿ ಬಿದ್ದಿರುವವನ ಗತಿ ಏನು? ಜೈನಕುಲದಲ್ಲಿ ಕುಡಿತವೇ ಇಲ್ಲವೆಂದು ಹೇಳಿಕೊಳ್ಳುವುದು ಸುಲಭ. ಮನೆಯೊಳಗಿನ ಕಣ್ಣೀರು ಬೇರೆಯದನ್ನೇ ಹೇಳುತ್ತದೆ. ಅನೇಕ ಮನೆಗಳಲ್ಲಿ ನಡೆಯುವ ಕ್ರಮ ಹೀಗಿರುತ್ತದೆ: ಹಿರಿಯರು ಅವನನ್ನು ಬಸದಿಗೆ ಕರೆದೊಯ್ದು ಜಿನಬಿಂಬದ ಮುಂದೆ ಆಣೆ ಮಾಡಿಸುವರು, ಪ್ರಾಯಶ್ಚಿತ್ತವೆಂದು ಅಂದೇ ಉಪವಾಸವನ್ನೂ ಹಿಡಿಸುವರು. ಎಂಟು ದಿನಗಳಲ್ಲಿ ಅವನು ಮತ್ತೆ ಕುಡಿದರೆ, ವ್ಯಸನದ ಜೊತೆಗೆ ವ್ರತಭಂಗದ ಅಪವಾದವೂ ಅವನ ತಲೆಗೆ ಬರುವುದು. ಇಲ್ಲಿ ದೋಷವಿರುವುದು ವ್ರತದಲ್ಲಲ್ಲ, ಕ್ರಮದಲ್ಲಿ. ಮೊದಲು ದೇಹ, ಅನಂತರ ವ್ರತ, ಕೊನೆಗೆ ಉಪವಾಸ ಎಂಬುದೇ ಸರಿಯಾದ ಕ್ರಮ.

ಹಲವು ವರ್ಷ ಪ್ರತಿದಿನವೂ ಬಹಳವಾಗಿ ಕುಡಿದವನ ದೇಹವು ಮದ್ಯಕ್ಕೆ ಹೊಂದಿಕೊಂಡಿರುತ್ತದೆ. ಅದು ಹಠಾತ್ತನೆ ನಿಂತಾಗ ೬ರಿಂದ ೨೪ ಗಂಟೆಗಳೊಳಗೆ ಕೈನಡುಕ, ಬೆವರು, ಎದೆಬಡಿತ, ನಿದ್ರಾನಾಶಗಳು ತೋರಬಹುದು. ಸುಮಾರು ೪೮ ಗಂಟೆಗಳೊಳಗೆ ಕೆಲವರಿಗೆ ಫಿಟ್ಸ್ ಬರುವುದುಂಟು. ಎರಡನೆಯ ದಿನದಿಂದ ನಾಲ್ಕನೆಯ ದಿನದವರೆಗೆ ಸನ್ನಿ ಹಿಡಿದು, ಇಲ್ಲದ್ದು ಕಂಡು, ತನ್ನವರ ಗುರುತೇ ತಪ್ಪಬಹುದು. ಚಿಕಿತ್ಸೆ ದೊರೆಯದಿದ್ದರೆ ಪ್ರಾಣಕ್ಕೂ ಅಪಾಯವಿದೆ. ಇಂಥವರ ದೇಹದಲ್ಲಿ ಥಯಾಮಿನ್ ಎಂಬ ಜೀವಸತ್ತ್ವದ ಕೊರತೆಯೂ ಸಾಮಾನ್ಯವಾದುದು. ಆ ದಿನಗಳಲ್ಲಿ ಅನ್ನನೀರು ಬಿಡಿಸುವುದು ತಪಸ್ಸಲ್ಲ. ಷೋಡಶಕಾರಣ ಭಾವನೆಗಳಲ್ಲಿ ತಪಕ್ಕೆ ‘ಶಕ್ತಿತಸ್ತಪ’ ಎಂಬ ಹೆಸರೇ ಇದೆ. ಶಕ್ತಿಯನ್ನು ಅರಿತು ಮಾಡುವುದೇ ತಪ. ಆದುದರಿಂದ ವೈದ್ಯರ ಸಮ್ಮುಖದಲ್ಲಿಯೇ ಕುಡಿತವನ್ನು ಬಿಡಿಸತಕ್ಕದ್ದು. ಆಸವ, ಅರಿಷ್ಟ ಮತ್ತು ಕೆಲವು ದ್ರವೌಷಧಿಗಳಲ್ಲಿ ಮದ್ಯಾಂಶವಿರುವುದರಿಂದ, ಅವು ಬೇಡವೆಂದು ಮೊದಲೇ ತಿಳಿಸಿ ಮಾತ್ರೆಗಳನ್ನು ಕೇಳಬಹುದು.

ದೇಹವು ಸ್ಥಿರವಾದ ಮೇಲೆ ವ್ರತದ ಮಾತು. ಪುನ್ನಾಟಸಂಘದ ಜಿನಸೇನಾಚಾರ್ಯರು ಶಕ ೭೦೫ರಲ್ಲಿ ರಚಿಸಿದ ಹರಿವಂಶಪುರಾಣದ ದ್ವಾರಕೆಯ ಕಥೆ ಇಲ್ಲಿ ಸ್ಮರಣೀಯ. ಮದ್ಯದ ನಿಮಿತ್ತದಿಂದ, ದ್ವೈಪಾಯನನ ಕೋಪದಿಂದ ನಗರವು ಹನ್ನೆರಡು ವರ್ಷಗಳಲ್ಲಿ ನಾಶವಾಗುವುದೆಂದು ನೇಮಿನಾಥ ಸ್ವಾಮಿಯ ದಿವ್ಯಧ್ವನಿಯಲ್ಲಿ ತಿಳಿದುಬಂದಿತು. ಯಾದವರು ಮದ್ಯವನ್ನೆಲ್ಲ ಊರ ಹೊರಗೆ ಕದಂಬವನದಲ್ಲಿ ಚೆಲ್ಲಿಸಿದರು. ಆದರೆ ಅದು ಅಲ್ಲಿಯೇ ನಿಂತಿತ್ತು. ಕಾಲಾಂತರದಲ್ಲಿ ಬಾಯಾರಿ ಬಂದ ಯಾದವಕುಮಾರರು ಅದನ್ನೇ ಕುಡಿದರು, ಮತ್ತಿನಲ್ಲಿ ದ್ವೈಪಾಯನನಿಗೆ ಕಲ್ಲೆಸೆದರು, ದ್ವಾರಕೆ ಉರಿದುಹೋಯಿತು. ಚೆಲ್ಲಿದ ದಿನದ ಎಚ್ಚರವು ಮುಂದಿನ ದಿನಗಳಲ್ಲಿ ಉಳಿಯಲಿಲ್ಲ. ವ್ಯಸನವನ್ನು ಬಿಟ್ಟವನೂ “ಇಷ್ಟು ವರ್ಷವಾಯಿತು, ಒಂದು ಲೋಟಕ್ಕೆ ಏನಾದೀತು” ಎಂದಾಗ ಕದಂಬವನದ ದಾರಿಯನ್ನೇ ಹಿಡಿದಿರುತ್ತಾನೆ.

ಆ ಎಚ್ಚರವನ್ನು ಉಳಿಸಲು ಆಗಮದಲ್ಲಿ ಉಪಾಯವಿದೆ. ಕಾಲಮಿತಿಯುಳ್ಳ ತ್ಯಾಗವು ನಿಯಮ, ಜೀವಾವಧಿಯದು ಯಮ. ಮದ್ಯತ್ಯಾಗವು ಯಮವೇ ಆಗಿರಬೇಕು. ಸ್ವಲ್ಪ ಕುಡಿಯುವೆನೆಂಬ ಅರ್ಧವ್ರತವಿಲ್ಲ. ಆದರೂ ಆ ಯಮವನ್ನು ಪ್ರತಿ ಬೆಳಗ್ಗೆ ಆ ಒಂದು ಹಗಲಿರುಳಿಗಾಗಿ ಸ್ಮರಿಸಿಕೊಂಡು, ಸಂಜೆ ಆಲೋಚನೆ, ಪ್ರತಿಕ್ರಮಣಗಳನ್ನು ಮಾಡಿದರೆ ಭಾರವು ಹಗುರಾಗುವುದು. ೧೯೩೫ರಲ್ಲಿ ಅಮೇರಿಕದಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದವರೂ ಇಂದಿನ ದಿನವೊಂದನ್ನು ಕುಡಿಯದೆ ಕಳೆಯಬೇಕೆಂದೇ ಹೇಳಿಕೊಳ್ಳುವರು. ಕುಡುಕನಿಗೆ ಸಂಜೆಯೇ ಕಠಿಣವಾದ ಹೊತ್ತು. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಯುವ ಮನೆಯಲ್ಲಿ ಆ ಹೊತ್ತು ಬರಿದಾಗಿ ಉಳಿಯಬಾರದು; ಬಸದಿಯ ದರ್ಶನ, ಸ್ವಾಧ್ಯಾಯ, ಸಾಮಾಯಿಕಗಳಿಂದ ಅದನ್ನು ತುಂಬಬೇಕು.

ಮನೆಯವರ ಧರ್ಮವೇನು? ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣಗಳು ಸೇರಿವೆ. ಅವನ ದೋಷವನ್ನು ಬೀದಿಯಲ್ಲಿ ಸಾರದಿರುವುದು ಉಪಗೂಹನ. ಆದರೆ ಅವನ ಸಾಲವನ್ನು ತಾಯಿ ಗುಟ್ಟಾಗಿ ತೀರಿಸುವುದೂ, ಕೆಲಸಕ್ಕೆ ಹೋಗದ ದಿನ ಜ್ವರವೆಂದು ಹೆಂಡತಿ ಸುಳ್ಳು ಹೇಳುವುದೂ ಉಪಗೂಹನವಲ್ಲ. ಅದು ವ್ಯಸನಕ್ಕೆ ಉಣಿಸುವ ಅನ್ನ. ಮಾನವನ್ನು ಕಾಯಬೇಕೇ ಹೊರತು ಮದ್ಯವನ್ನಲ್ಲ.

ಸ್ಥಿತಿಕರಣಕ್ಕೆ ಶ್ರೇಣಿಕ ಮಹಾರಾಜನ ಮಗನಾದ ವಾರಿಷೇಣ ಮುನಿಗಳೇ ದೃಷ್ಟಾಂತ. ಅವರ ಗೆಳೆಯ ಪುಷ್ಪಡಾಲನು ದೀಕ್ಷೆ ಪಡೆದು ಹನ್ನೆರಡು ವರ್ಷಗಳಾದರೂ ಹೆಂಡತಿಯನ್ನೇ ನೆನೆಯುತ್ತಿದ್ದನು. ವಾರಿಷೇಣರು ಅವನನ್ನು ಜರೆಯಲಿಲ್ಲ, ತೊರೆಯಲಿಲ್ಲ. ಅರಮನೆಗೆ ಕರೆದೊಯ್ದು, ತಾವು ತೊರೆದಿದ್ದ ವೈಭವವನ್ನೆಲ್ಲ ತೋರಿಸಿ, ಬೇಕಾದರೆ ಸ್ವೀಕರಿಸೆಂದರು. ಅವನು ನಾಚಿ ಧರ್ಮದಲ್ಲಿ ಸ್ಥಿರನಾದನು. ಕುಡಿತ ಬಿಟ್ಟವನು ಮತ್ತೆ ಜಾರಿದಾಗ ಮನೆಯವರು ಮಾಡಬೇಕಾದುದೂ ಇದೇ. ಜಾರುವುದು ಅಂತ್ಯವಲ್ಲ, ಮುಚ್ಚಿಡುವುದು ಅಪಾಯ. ಗುರುಗಳಲ್ಲಿ ನಿವೇದಿಸಿ ಪ್ರಾಯಶ್ಚಿತ್ತ ಪಡೆದು, ವೈದ್ಯರನ್ನೂ ಕಂಡು ವ್ರತವನ್ನು ಮತ್ತೆ ಹಿಡಿಯಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದ ಜನಜಾಗೃತಿ ವೇದಿಕೆಯು ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತದೆ. ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿಗಳ ಆಸರೆಯುಂಟು.

ಉಪವಾಸವು ಎಲ್ಲಕ್ಕಿಂತ ಕೊನೆಯದು. ಹಸಿವು, ಆಯಾಸಗಳು ಹಳೆಯ ಆಸೆಯನ್ನು ಕೆರಳಿಸಬಲ್ಲವು. ಆದುದರಿಂದ ದೇಹವು ಪುಷ್ಟವಾದ ಮೇಲೆ, ವೈದ್ಯರ ಒಪ್ಪಿಗೆ ಪಡೆದು, ಮೊದಲು ರಸಪರಿತ್ಯಾಗ, ಬಳಿಕ ಅಷ್ಟಮಿ ಚತುರ್ದಶಿಗಳಲ್ಲಿ ಏಕಾಶನ, ಅನಂತರ ಉಪವಾಸ ಎಂದು ಮೆಟ್ಟಿಲೇರತಕ್ಕದ್ದು. ಅಲ್ಲಿಯವರೆಗೆ ಕುಡಿಯದೆ ಕಳೆದ ಪ್ರತಿಯೊಂದು ಸಂಜೆಯೂ ಅವನ ಪಾಲಿನ ತಪಸ್ಸೇ. ಆ ಸಂಜೆಗಳಲ್ಲಿ ಅವನನ್ನು ಒಂಟಿಯಾಗಿ ಬಿಡದಿರುವುದು ಮನೆಯವರ ಪಾಲಿನ ವ್ರತ.