ನಾಯಿಯ ಆಟಿಕೆಗೆ ಎಷ್ಟು ಖರ್ಚು ಮಾಡಬೇಕು?

ನಮ್ಮ ಜಕ್ಕಲಿಯಲ್ಲಿ ಎತ್ತಿನ ಹಿಂಡಿ, ಎಮ್ಮೆಯ ಹೊಟ್ಟು-ಮೇವಿನ ಖರ್ಚನ್ನು ತಪ್ಪದೆ ಬರೆದಿಡುವ ಮನೆಗಳು ಬೇಕಾದಷ್ಟಿವೆ. ನಾಯಿಯ ಖರ್ಚು ಮಾತ್ರ ಯಾರ ವಹಿಯಲ್ಲೂ ಸಿಗುವುದಿಲ್ಲ. ಉಳಿದ ರೊಟ್ಟಿ ತಿಂದು ಹೊಲ ಕಾಯುವ ನಾಯಿಗೆ ಲೆಕ್ಕ ಬೇಕಿರಲಿಲ್ಲ, ನಿಜ. ಈಗ ಬೆಂಗಳೂರು, ಪುಣೆಯಲ್ಲಿ ನೌಕರಿಗಿರುವ ಮಕ್ಕಳು ಸಾಕಿದ ಲ್ಯಾಬ್ರಡಾರ್‌ಗಳು ಊರಿಗೆ ಬಂದು ಅವ್ವ-ಅಪ್ಪನ ಹತ್ತಿರವೇ ಉಳಿಯುತ್ತಿವೆ. ದಿನವಿಡೀ ಮನೆಯೊಳಗಿರುವ ನಾಯಿಯ ಬಾಯಿಗೆ ಒಂದು ಕೆಲಸ ಬೇಕು. ನಾವು ಕೊಡದಿದ್ದರೆ ಚಪ್ಪಲಿ, ಚಾರ್ಜರ್ ವೈರು, ಗಾದಿಯ ಅರಳೆ ಅದೇ ಹುಡುಕಿಕೊಳ್ಳುತ್ತದೆ. ಹಾಗಾಗಿ ಆಟಿಕೆ ಷೋಕಿಯ ಖರ್ಚಲ್ಲ. ಅದನ್ನು ಅಗ್ಗದಲ್ಲಿ ಮುಗಿಸಲು ಹೋದಾಗ ಏನಾಗುತ್ತದೆ ಎಂಬುದನ್ನು ನಮ್ಮ ಓಣಿಯಲ್ಲೇ ಕಂಡೆ.

ಓಣಿಯ ಒಂದು ಮನೆಯವರು ತಮ್ಮ ನಾಯಿಮರಿಗೆಂದು ಜಾತ್ರೆಯಲ್ಲಿ 60 ರೂಪಾಯಿಗೆ ಒಂದು ಪ್ಲಾಸ್ಟಿಕ್ ಕೋಳಿ ತಂದಿದ್ದರು, ಒತ್ತಿದರೆ ಕೀಂಯ್ ಎನ್ನುವಂಥದ್ದು. ಮರಿ ಅದರ ಹೊಟ್ಟೆ ಸೀಳಿ ಒಳಗಿನ ಪೀಪಿಯನ್ನು ನುಂಗಿಬಿಟ್ಟಿತು. ಆಮೇಲೆ ಶುರುವಾಯಿತು ವಾಂತಿ; ಕುಡಿದ ನೀರೂ ನಿಲ್ಲಲೊಲ್ಲದು. "ಅಣ್ಣಾರ, ಗಾಡಿ ತಗೀರಿ, ಮರಿ ಕಣ್ಣ ತಗೀವಲ್ದು" ಎಂದು ಆ ಮನೆಯ ಅಕ್ಕ ಬಂದು ನಿಂತಾಗ ಹುಬ್ಬಳ್ಳಿಗೆ ಹೊರಟೆವು. ಪ್ಲಾಸ್ಟಿಕ್ಕು ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಸ್ಕ್ಯಾನಿಂಗ್ ಬೇರೆ ಆಯಿತು. ಆಪರೇಷನ್, ಸಲೈನು, ಔಷಧ ಎಲ್ಲ ಸೇರಿ ಬಿಲ್ಲು 18,000 ರೂಪಾಯಿ. ಡಾಕ್ಟರು ಸ್ಟೀಲ್ ಬಟ್ಟಲಲ್ಲಿ ಇಟ್ಟು ತೋರಿಸಿದ್ದು ರೂಪಾಯಿ ನಾಣ್ಯದಷ್ಟಗಲದ ಒಂದು ಬಿಳಿ ಬಿಲ್ಲೆ. ನಡುವೆ ತೂತು, ಅಂಚಿನಲ್ಲಿ ಮರಿಯ ಹಾಲುಹಲ್ಲಿನ ಗುರುತು. ಮರಿ ಬದುಕಿತು. ಆದರೆ ಆ 18,000 ಹೋದದ್ದು ಬೀಜ-ಗೊಬ್ಬರಕ್ಕೆಂದು ತೆಗೆದಿಟ್ಟಿದ್ದ ಕಡಲೆ ಮಾರಿದ ದುಡ್ಡಿನಿಂದ.

ಇಂಥ ಆಟಿಕೆಯನ್ನು ಮಾರುಕಟ್ಟೆಗೆ ಬಿಡುವ ಮುನ್ನ ಯಾರೂ ಪರೀಕ್ಷಿಸುವುದಿಲ್ಲವೇ ಎಂದು ಅಕ್ಕ ಕೇಳಿದರು. ಮಕ್ಕಳ ಆಟಿಕೆಗಾದರೆ ಕಾನೂನಿದೆ. ಕೇಂದ್ರ ಸರ್ಕಾರ 2020ರಲ್ಲಿ ಹೊರಡಿಸಿದ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನಾಯಿ, ಬೆಕ್ಕಿನ ಆಟಿಕೆ ಈ ಆದೇಶದೊಳಗೆ ಬರುವುದಿಲ್ಲ. ಪೊಟ್ಟಣದ ಮೇಲೆ 'ಸೇಫ್' ಎಂದು ಬರೆದಿದ್ದರೆ ಅದು ಬರೆದವರ ಮಾತು, ಅಷ್ಟೇ. ಮಗುವಿನ ಐಎಸ್‌ಐ ಗೊಂಬೆಯನ್ನೇ ನಾಯಿಗೆ ಕೊಡೋಣವೆಂದರೆ ಅದೂ ಆಗದು. ಮಗುವಿನ ಕೈಗೆ ಕಿತ್ತು ಬಾರದ ಗುಂಡಿಯ ಕಣ್ಣು ನಾಯಿಯ ದವಡೆಗೆ ಕ್ಷಣದ ಕೆಲಸ. ಕಿನ್ನಾಳ, ಚನ್ನಪಟ್ಟಣದ ಚೆಂದದ ಗೊಂಬೆಗಳೂ ಕಡಿಯುವ ನಾಯಿಗಲ್ಲ, ಮರ ಸಿಬಿರೇಳುತ್ತದೆ.

ಹಾಗಾಗಿ ಪರೀಕ್ಷೆ ನಾವೇ ಮಾಡಿಕೊಳ್ಳಬೇಕು. ನಾನು ಅಂಗಡಿಯಲ್ಲೇ ಹೆಬ್ಬೆರಳಿನ ಉಗುರು ಒತ್ತಿ ನೋಡುತ್ತೇನೆ. ತುಸುವಾದರೂ ತಗ್ಗು ಬೀಳಬೇಕು. ಬೀಳದಿದ್ದರೆ ಅದು ಹಲ್ಲಿಗಿಂತ ಗಟ್ಟಿ. ಕೊಂಬು, ಗೊರಸು, ಗಟ್ಟಿ ನೈಲಾನ್ ಎಲುಬು ಕಡಿದು ಮೇಲಿನ ದೊಡ್ಡ ದವಡೆಹಲ್ಲು ಸೀಳಿಕೊಳ್ಳುವ ನಾಯಿಗಳಿವೆ. ಚೆಂಡಾದರೆ ಗಂಟಲಿಗೆ ಜಾರದಷ್ಟು ದೊಡ್ಡದಿರಬೇಕು. ನಾಯಿ ನೋಡಿಯೂ ಆರಿಸಬೇಕು. ಮುಧೋಳ ತಳಿಯದಕ್ಕೆ ಓಡುವುದೇ ಆಟ, ಚೆಂಡು ಎಸೆಯಲು ಬಯಲಿದ್ದರೆ ಸಾಕು. ಲ್ಯಾಬ್ರಡಾರ್‌ಗೆ ಕಡಿಯುವುದು ಬೇಕು.

ನಮ್ಮ ಮನೆಯ ಕರಿಯನಿಗೆ 450 ರೂಪಾಯಿ ಕೊಟ್ಟು ಒಳಗೆ ಪೊಳ್ಳಿರುವ ದಪ್ಪ ರಬ್ಬರಿನ ಆಟಿಕೆ ತಂದಾಗ "ನಾಯಿಗೆ ಇಷ್ಟು ರೊಕ್ಕ ಹಾಕೂದೇನ್ರೀ" ಎಂದವರಿದ್ದರು. 60 ರೂಪಾಯಿಯ ಕೋಳಿಯನ್ನು ವಾರಕ್ಕೊಂದರಂತೆ ತಂದರೆ ವರ್ಷಕ್ಕೆ 3,120 ರೂಪಾಯಿ. ಈ ರಬ್ಬರಿನದು ಎರಡನೇ ವರ್ಷಕ್ಕೆ ಕಾಲಿಟ್ಟಿದೆ, ತಿಂಗಳಿಗೆ 40 ರೂಪಾಯಿಯೂ ಬೀಳಲಿಲ್ಲ. ಅಮೆರಿಕದ ಕೊಲರಾಡೊದಲ್ಲಿ ಜೋ ಮಾರ್ಕ್‌ಹ್ಯಾಮ್ ಎಂಬವರ ನಾಯಿ ಕಲ್ಲು ಕಡಿದು ಹಲ್ಲು ಹಾಳು ಮಾಡಿಕೊಳ್ಳುತ್ತಿತ್ತಂತೆ. ಫೋಕ್ಸ್‌ವ್ಯಾಗನ್ ಗಾಡಿಯ ರಬ್ಬರ್ ಬಿಡಿಭಾಗವೊಂದು ಅದಕ್ಕೆ ಹಿಡಿಸಿದ್ದು ನೋಡಿ 1970ರ ದಶಕದಲ್ಲಿ ಅವರು 'ಕಾಂಗ್' ಎಂಬ ಈ ಬಗೆಯ ಆಟಿಕೆ ಮಾಡಿದರು. ಹಾಗೆಂದು ಗ್ಯಾರೇಜಿನ ಹಳೆ ರಬ್ಬರ್ ಬುಷ್ ಎತ್ತಿ ಕೊಡಬೇಡಿ, ಅದರಲ್ಲಿ ಆಯಿಲ್ ಹೀರಿಕೊಂಡಿರುತ್ತದೆ. ಕರಿಯನ ಆಟಿಕೆಯೊಳಗೆ ಮೊಸರಿನಲ್ಲಿ ಮೆತ್ತಗಾದ ಜೋಳದ ರೊಟ್ಟಿ ತುಂಬಿ ಫ್ರಿಜ್ಜಿನಲ್ಲಿಟ್ಟು ಕೊಡುತ್ತೇವೆ. ನೆಕ್ಕಿ ಮುಗಿಸಲು ಬಹಳ ಹೊತ್ತು ಹಿಡಿಯುತ್ತದೆ. ರುಚಿಗೆಂದು ಶೇಂಗಾ ಹಿಂಡಿ (ಚಟ್ನಿಪುಡಿ) ಮಾತ್ರ ಬೆರೆಸಬೇಡಿ. ಅದರಲ್ಲಿ ಬಳ್ಳೊಳ್ಳಿ ಇರುತ್ತದೆ, ಬಳ್ಳೊಳ್ಳಿ-ಉಳ್ಳಾಗಡ್ಡಿ ಎರಡೂ ನಾಯಿಯ ರಕ್ತಕ್ಕೆ ವಿಷ.

ಅಷ್ಟು ದುಡ್ಡು ಒಮ್ಮೆಲೇ ಆಗದವರಿಗೆ ಹಗ್ಗವಿದೆ. ಗಜೇಂದ್ರಗಡದ ಸಂತೆಯಲ್ಲಿ ಎತ್ತಿನ ಸಾಮಾನು ಮಾರುವವರ ಹತ್ತಿರ ನೂಲಿನ ಹಗ್ಗ ಕೇಳಿ ಮೊಳದ ಲೆಕ್ಕದಲ್ಲಿ ತಂದು ಎರಡೂ ತುದಿಗೆ ಬಿಗಿಯಾಗಿ ಗಂಟು ಹಾಕಿದರೆ ಮುಗಿಯಿತು. ನೂಲೆಂದು ನೈಲಾನ್ ಬೆರೆತದ್ದು ಕೈಗೆ ಬರುವುದುಂಟು. ಒಂದು ಎಳೆ ಬಿಚ್ಚಿ ಕಡ್ಡಿ ಗೀರಿ ಹಚ್ಚಿ ನೋಡಿ. ನೂಲು ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗಿ ಉದುರುತ್ತದೆ. ನೈಲಾನ್ ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ನೂಲಿನದಾದರೂ ಎಳೆ ಕಿತ್ತು ಬರತೊಡಗಿದ ದಿನವೇ ಬಿಸಾಡಬೇಕು. ನುಂಗಿದ ಉದ್ದ ಎಳೆಯ ಒಂದು ತುದಿ ಸಿಕ್ಕಿಕೊಂಡರೆ, ಲಂಗದ ಲಾಡಿ ಎಳೆದಾಗ ಬಟ್ಟೆ ನೆರಿಗೆಗಟ್ಟುವಂತೆ ಕರುಳು ಮುದುಡಿ ಸೀಳಿಬಿಡುತ್ತದೆ. ಬೆಕ್ಕುಗಳಿಗಂತೂ ದಾರ, ಉಣ್ಣೆ ಉಂಡೆ ಬಿಟ್ಟು ಹೊರಗೆ ಹೋಗಲೇಬೇಡಿ.

ಎಷ್ಟು ನೋಡಿ ತಂದರೂ ಒಂದು ದಿನ ಏನಾದರೂ ನುಂಗಬಹುದು. ಅದಕ್ಕೆಂದು ಬೇರೆ ದುಡ್ಡು ಇಡುವುದು ಒಳ್ಳೆಯದು. ಅಂಚೆ ಕಚೇರಿಯ ಆರ್‌ಡಿ ತಿಂಗಳಿಗೆ 100 ರೂಪಾಯಿಯಿಂದ ಶುರುವಾಗುತ್ತದಾದರೂ ಈ ಕೆಲಸಕ್ಕೆ ಒಗ್ಗದು. ಅದು 5 ವರ್ಷದ್ದು, 3 ವರ್ಷ ತುಂಬುವ ಮುನ್ನ ಮುರಿಯಲು ಬರುವುದಿಲ್ಲ. ಸಾದಾ ಉಳಿತಾಯ ಖಾತೆಯೇ ಸಾಕು, ಬಡ್ಡಿ ಕಡಿಮೆಯಾದರೂ ಬೇಕಾದ ದಿನ ಕೈಗೆ ಬರುತ್ತದೆ. ನಾನು ತಿಂಗಳಿಗೆ 300 ರೂಪಾಯಿ ಹಾಕುತ್ತೇನೆ. ಖಾಸಗಿ ಕ್ಲಿನಿಕ್ಕಿಗೆ ಹೊರಡುವ ಮುನ್ನ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ, ಇಲ್ಲವೇ ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಫೋನು ಮಾಡಿ. ಗದಗಿನಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೂ ಇದೆ. ಎಕ್ಸ್‌ರೇ, ಆಪರೇಷನ್ ಯಾವ ದಿನ, ಎಷ್ಟಕ್ಕೆ ಎಂದು ನಾಯಿ ಗಟ್ಟಿಮುಟ್ಟಾಗಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಬಾಯಿಂದಲೋ ಹಿಂದಿನಿಂದಲೋ ದಾರ ಇಣುಕುತ್ತಿದ್ದರೆ ಎಳೆಯಬೇಡಿ, ಹಾಗೇ ಬಿಟ್ಟು ಡಾಕ್ಟರ ಹತ್ತಿರ ಒಯ್ಯಿರಿ. ಹರಿದ ಆಟಿಕೆಯ ಉಳಿದ ಚೂರುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಏನು ನುಂಗಿದೆ ಎಂದು ಅದರಿಂದ ಗೊತ್ತಾದರೆ ಒಂದೆರಡು ಪರೀಕ್ಷೆಯ ಖರ್ಚಾದರೂ ಉಳಿದೀತು.