ಬೀಗವೂ ಕೀಲಿಕೈಯೂ

ಬೀಗವು ಎಷ್ಟು ಭದ್ರವಾಗಿದ್ದರೇನು? ಕೀಲಿಕೈ ಪರರ ಸೆರಗಿನಲ್ಲಿದ್ದರೆ ಪೆಟ್ಟಿಗೆಯ ಗುಟ್ಟು ಒಡೆಯನೊಬ್ಬನದೇ ಆಗಿ ಉಳಿಯದು. ಗಣಕಯಂತ್ರದ ಕಡತಗಳಿಗೂ ಈ ಮಾತು ಸಲ್ಲುತ್ತದೆ.

ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್ ಮೊದಲಾದ ಕ್ಲೌಡ್ ಸಂಗ್ರಹಗಳು ತಮ್ಮಲ್ಲಿರಿಸಿದ ಕಡತಗಳನ್ನು ಗೂಢಲಿಪಿಗೆ ತಿರುಗಿಸಿ ಕಾಪಾಡುತ್ತವೆ. ಆದರೆ ಸಾಮಾನ್ಯವಾಗಿ ಆ ಲಿಪಿಯನ್ನು ಬಿಡಿಸುವ ಕೀಲಿಯು ಸಂಸ್ಥೆಯ ವಶದಲ್ಲಿಯೇ ಇರುತ್ತದೆ. ನ್ಯಾಯಾಲಯದ ಆಜ್ಞೆಯಾದರೆ ಸಂಸ್ಥೆಯು ಆ ಕಡತಗಳನ್ನು ತೆರೆದು ಒಪ್ಪಿಸಬೇಕಾದೀತು.

ಎಂಡ್-ಟು-ಎಂಡ್ ಕ್ರಮವು ಬೇರೆ. ಇಲ್ಲಿ ಕಡತವು ಒಡೆಯನ ಯಂತ್ರದಿಂದ ಹೊರಡುವ ಮೊದಲೇ ಗೂಢಲಿಪಿಯಾಗುತ್ತದೆ. ಅವನೂ ಅವನು ಹಂಚಿಕೊಂಡವರೂ ಮಾತ್ರ ಅದನ್ನು ಓದಬಲ್ಲರು. ನಡುವಿನ ಸಂಸ್ಥೆಯು ಕಾವಲುಗಾರನೇ ಹೊರತು ಕೀಲಿಯ ಒಡೆಯನಲ್ಲ. ಸ್ವಿಟ್ಜರ್ಲೆಂಡಿನ ಪ್ರೋಟಾನ್ ಡ್ರೈವ್ ಇಂತಹದು. ಜರ್ಮನಿಯ ಕ್ರಿಪ್ಟೊಮೇಟರ್ ಎಂಬ ಸಾಧನವು ಕಡತಕ್ಕೆ ಮೊದಲು ಬೀಗವಿಕ್ಕಿ, ಬಳಿಕ ಬೇಕಾದ ಸಂಗ್ರಹಕ್ಕೆ ಸೇರಿಸುತ್ತದೆ.

ಆಪಲ್ ಸಂಸ್ಥೆಯು 2022ರಲ್ಲಿ ಐಕ್ಲೌಡ್ ಕಡತಗಳಿಗೆ ಇಂತಹ ರಕ್ಷಣೆಯನ್ನು ಒದಗಿಸಿತು. ಬ್ರಿಟನ್ ಸರ್ಕಾರವು ಅವನ್ನು ನೋಡುವ ಹಾದಿ ಕೇಳಿತೆಂಬ ವರದಿಗಳ ಬಳಿಕ, 2025ರ ಫೆಬ್ರವರಿಯಲ್ಲಿ ಅಲ್ಲಿನ ಹೊಸ ಬಳಕೆದಾರರಿಗೆ ಅದನ್ನು ನಿಲ್ಲಿಸಿತು.

ಆದರೆ ಕೀಲಿಯೊಡನೆ ಹೊಣೆಯೂ ಬರುತ್ತದೆ. ಗುಪ್ತಪದವನ್ನೂ ಮರುಪ್ರಾಪ್ತಿಯ ಕೀಲಿಯನ್ನೂ ಕಳೆದುಕೊಂಡವನಿಗೆ ಸಂಸ್ಥೆಯೂ ನೆರವಾಗಲಾರದು. ಪರರ ಕಣ್ಣಿಗೆ ಅಂಜಬೇಕೋ, ತನ್ನ ಮರೆವಿಗೆ ಅಂಜಬೇಕೋ ಎಂಬುದನ್ನು ತೂಗಿ ನೋಡಿ ಆರಿಸಿಕೊಳ್ಳುವುದೇ ವಿವೇಕ.